ರಬ್ಬರ್ ಸೀಲಿನ ಅಚ್ಚು ಕೆಟ್ಟಾಗ: ಬ್ಲೇಡಿಗೆ ಕೈ ಹಾಕುವ ಮೊದಲು

ಕೈಯಲ್ಲಿ ಕೆತ್ತಿದ ರಬ್ಬರ್ ಸೀಲು ಮೊದಲ ಸಲವೇ ಅಂದುಕೊಂಡ ಹಾಗೆ ಮೂಡುವುದು ಅಪರೂಪ. ನಡುವೆ ಬಿಳಿ ತೇಪೆ, ಅಂಚಿನಲ್ಲಿ ಬೇಡದ ಗೆರೆ, ಇಂಕು ಹರಡಿ ಕಾಫಿ ಎಲೆಯ ನರಗಳೆಲ್ಲ ಒಂದೇ ಮುದ್ದೆ. ಹೀಗಾದ ಕೂಡಲೇ ಮಕ್ಕಳಿರಲಿ, ದೊಡ್ಡವರಿರಲಿ, ಕೈ ಹೋಗುವುದು ಬ್ಲೇಡಿನತ್ತ. ಇನ್ನೂ ಸ್ವಲ್ಪ ಕೆತ್ತಿದರೆ ಸರಿಹೋದೀತು ಎಂಬ ಆಸೆ. ದಯವಿಟ್ಟು ತಡೆಯಿರಿ. ಕಾಗದ ಬದಲಾಯಿಸಬಹುದು, ಇಂಕು ಒರೆಸಬಹುದು, ಒತ್ತುವ ರೀತಿ ತಿದ್ದಿಕೊಳ್ಳಬಹುದು. ಕೆತ್ತಿ ಹಾರಿಸಿದ ರಬ್ಬರನ್ನು ಹಿಂದಕ್ಕೆ ಕೂರಿಸುವುದು ಮಾತ್ರ ಹೆಣಗಾಟದ ಕೆಲಸ. ಆದ್ದರಿಂದ ಇಲ್ಲಿ ಪಾಲಿಸುವ ಕ್ರಮ ಇಷ್ಟೇ: ಅನುಮಾನ ಮೊದಲು ಕಾಗದದ ಮೇಲೆ, ಆಮೇಲೆ ಇಂಕಿನ ಮೇಲೆ, ಆಮೇಲೆ ಕೈ ಮತ್ತು ಮೇಜಿನ ಮೇಲೆ, ಕಟ್ಟಕಡೆಗೆ ಕೆತ್ತನೆಯ ಮೇಲೆ.

ಕೊಡಗಿನಲ್ಲಿ ಈ ಕ್ರಮಕ್ಕೆ ಇನ್ನೊಂದು ಕಾರಣವೂ ಉಂಟು. ಇಲ್ಲಿ ಈ ಹವ್ಯಾಸ ಕಳೆಗಟ್ಟುವುದೇ ಮಳೆಗಾಲದಲ್ಲಿ. ರೆಡ್ ಅಲರ್ಟ್ ಎಂದು ಶಾಲೆಗೆ ರಜೆ, ಹೊರಗೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ, ಕರೆಂಟು ಯಾವಾಗಲೋ ಹೋಗಿದೆ. ಮನೆಯಲ್ಲಿ ಕೈಗೆ ಸಿಗುವುದು ಪೆನ್ಸಿಲ್ ಅಳಿಸುವ ರಬ್ಬರು, ಒಂದು ಕಟರ್, ತೋಟದ ಲೆಕ್ಕದ ಪುಸ್ತಕದ ಪಕ್ಕದಲ್ಲಿರುವ ನೇರಳೆ ಸ್ಟ್ಯಾಂಪ್ ಪ್ಯಾಡು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಅದರ ಅರ್ಧವೂ ಇಲ್ಲ. ಒಂದೇ ಸೀಲು, ಒಂದೇ ಪ್ಯಾಡು ಕುಶಾಲನಗರದಲ್ಲಿ ಗೆರೆಗೆರೆಯಾಗಿ ಮೂಡಿ ಭಾಗಮಂಡಲದಲ್ಲಿ ಕಲಸಿಹೋದರೆ ಕೆತ್ತಿದವರನ್ನು ದೂರಿ ಪ್ರಯೋಜನವಿಲ್ಲ.

ಮೊದಲು ಮೂರು ಪರೀಕ್ಷೆ

ಹಳೆ ಫೋಟೋ ಚೌಕಟ್ಟಿನ ಗಾಜೊಂದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಅಂಚಿಗೆ ಟೇಪು ಸುತ್ತಿಕೊಳ್ಳಿ. ಸೀಲಿಗೆ ಎಂದಿನಂತೆ ಇಂಕು ಹಚ್ಚಿ, ಗಾಜಿಗೆ ಒತ್ತಿ ಹಿಡಿದು, ಹಿಂಬದಿಯಿಂದ ನೋಡಿ. ರಬ್ಬರು ಗಾಜಿಗೆ ತಾಗಿದ ಕಡೆ ಬಣ್ಣ ಗಾಢವಾಗಿ, ಒದ್ದೆಯಾಗಿ ಕಾಣುತ್ತದೆ. ತಾಗದ ಕಡೆ ಮಂಕು. ಗಾಜು ಇಂಕನ್ನು ಹೀರುವುದಿಲ್ಲ, ಮಡಿಕೆ ಬೀಳುವುದಿಲ್ಲ, ಉಬ್ಬುವುದಿಲ್ಲ. ಹೀಗಾಗಿ ಗಾಜಿನ ಮೇಲೆ ಚಿತ್ರ ಪೂರ್ತಿ ಕಂಡು ಕಾಗದದ ಮೇಲೆ ಕಾಣದಿದ್ದರೆ ಸೀಲು ನಿರಪರಾಧಿ. ಗಾಜಿನ ಮೇಲೂ ತೇಪೆ ಕಂಡರೆ ಮಾತ್ರ ಸೀಲಿನ ಮುಖವನ್ನು ವಿಚಾರಿಸಿಕೊಳ್ಳಬೇಕು.

ಎರಡನೆಯದು ತಿರುಗಿಸಿ ನೋಡುವುದು. ಒಂದು ಅಚ್ಚು ಒತ್ತಿ. ಸೀಲನ್ನು ಕೈಯಲ್ಲೇ ಅರ್ಧ ಸುತ್ತು ತಿರುಗಿಸಿ, ಹೊಸ ಕಾಗದ ಇಟ್ಟು, ಮೇಜಿನ ಅದೇ ಜಾಗದಲ್ಲಿ ಇನ್ನೊಂದು ಒತ್ತಿ. ಬಿಳಿ ತೇಪೆ ಚಿತ್ರದ ಜೊತೆಗೇ ತಿರುಗಿತೇ, ಅಂದರೆ ಎರಡರಲ್ಲೂ ಎಲೆಯ ತುದಿಯೇ ಹೋಗಿದೆಯೇ? ಹಾಗಿದ್ದರೆ ದೋಷ ಸೀಲಿನಲ್ಲಿ. ತೇಪೆ ಕಿಟಕಿಯ ಕಡೆಗೇ ಉಳಿಯಿತೇ? ಆಗ ದೋಷ ಮೇಜಿನದು ಅಥವಾ ಒತ್ತುವ ಕೈಯದು. ಈ ಎರಡರಲ್ಲಿ ಯಾವುದು ಎಂದು ತಿಳಿಯಲು ನೀವು ಮೇಜಿನ ಎದುರು ಬದಿಗೆ ಹೋಗಿ ನಿಂತು ಒತ್ತಿ. ಬಲಗೈಯವರು ಹೆಬ್ಬೆರಳ ಕಡೆ ಹೆಚ್ಚು ಭಾರ ಹಾಕುತ್ತಾರೆ, ಮಕ್ಕಳಂತೂ ತಮ್ಮತ್ತ ಎಳೆದುಕೊಂಡೇ ಒತ್ತುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಇಂಕು ಹಚ್ಚಿದ ಮೇಲೆ ಸೀಲನ್ನು ಓರೆಯಾಗಿ ಬೆಳಕಿಗೆ ಹಿಡಿದು ಮುಖ ನೋಡಿ. ಇಂಕು ಒಂದೇ ಸಮ ಹೊಳೆಯಬೇಕು. ಹನಿಹನಿಯಾಗಿ ನಿಂತಿದ್ದರೆ ಒಂದು ರೋಗ, ತಗ್ಗಿನಲ್ಲಿ ತುಂಬಿಕೊಂಡಿದ್ದರೆ ಇನ್ನೊಂದು ರೋಗ. ಎರಡೂ ಮುಂದೆ ಬರುತ್ತವೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಾಗದ, ಪ್ಯಾಡು, ಕೈ ಮೂರನ್ನೂ ಒಟ್ಟಿಗೆ ಬದಲಿಸಿ ಅಚ್ಚು ಚೆನ್ನಾಗಿ ಬಂದರೂ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. ಪ್ರತಿ ಅಚ್ಚಿನ ಪಕ್ಕದಲ್ಲಿ ಏನು ಬದಲಿಸಿದಿರಿ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಮಕ್ಕಳಿಗೆ ಈ ಪತ್ತೇದಾರಿ ಕೆತ್ತನೆಗಿಂತ ಹೆಚ್ಚು ಹಿಡಿಸುವುದೂ ಉಂಟು.

ಗೆರೆ ಹರಡಿಕೊಳ್ಳುತ್ತಿದೆ

ಮಳೆಗಾಲದ ದೂರುಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು, ಹಾಗೆಯೇ ಕೆತ್ತನೆಯ ತಪ್ಪು ಎಂದು ಸುಮ್ಮನೆ ಹೆಸರು ಕೆಡಿಸಿಕೊಂಡಿರುವುದೂ ಇದೇ. ಕಾಗದ ಎಂದರೆ ನಾರು. ಗಾಳಿಯಲ್ಲಿರುವ ತೇವವನ್ನು ನಾರು ಹೀರಿ ಉಬ್ಬುತ್ತದೆ. ಜುಲೈಯಲ್ಲಿ ಮಡಿಕೇರಿಯ ಮನೆಯೊಳಗಿನ ನೋಟುಪುಸ್ತಕವನ್ನು ಅಲ್ಲಾಡಿಸಿದರೆ ಪಟಪಟ ಸದ್ದು ಬರುವುದಿಲ್ಲ, ಬಟ್ಟೆಯ ಹಾಗೆ ಜೋಲುತ್ತದೆ. ಅಂಥ ಹಾಳೆಗೆ ನೀರಿನಲ್ಲಿ ಕರಗುವ ಬಣ್ಣದ ಇಂಕು ಬಿದ್ದರೆ ನಾರಿನ ದಾರಿ ಹಿಡಿದು ಓಡುತ್ತದೆ.

ಇದರ ಮೇಲೆ ಪ್ಯಾಡಿನ ಪಾಲೂ ಇದೆ. ಕಚೇರಿ ಬಳಕೆಯ ನೇರಳೆ, ನೀಲಿ ಪ್ಯಾಡುಗಳ ಇಂಕು ತಿಂಗಳುಗಟ್ಟಲೆ ಒಣಗದಿರಲಿ ಎಂದು ಅದರಲ್ಲಿ ಗ್ಲಿಸರಿನ್ ಅಥವಾ ಗ್ಲೈಕಾಲ್ ಸೇರಿಸಿರುತ್ತಾರೆ. ಈ ಎರಡಕ್ಕೂ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ. ಬೇಸಗೆಯಲ್ಲಿ ಹದವಾಗಿದ್ದ ಪ್ಯಾಡು ಮಳೆಗಾಲದಲ್ಲಿ ಯಾರೂ ಇಂಕು ಸುರಿಯದೆಯೇ ಒದ್ದೆಯಾದ ಹಾಗೆ ಕಾಣುವುದು ಇದರಿಂದ. ಹಸಿ ಕಾಗದ, ಹಸಿ ಪ್ಯಾಡು ಎರಡೂ ಸೇರಿದ ಮೇಲೆ ಕಾಫಿ ಹೂವಿನ ಎಸಳೇನು, ಎಂಥ ಸೂಕ್ಷ್ಮ ಕೆತ್ತನೆಯೂ ಉಳಿಯದು.

ಪರೀಕ್ಷೆ ಹೀಗೆ. ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಒಂದರ ಮೇಲೆ ಹಬೆ ಇಲ್ಲದ ಇಸ್ತ್ರಿಪೆಟ್ಟಿಗೆಯನ್ನು ಸಾಧಾರಣ ಬಿಸಿಯಲ್ಲಿ ಎರಡು ಮೂರು ಸಲ ಆಡಿಸಿ, ಬಿಸಿ ಆರಿದ ತಕ್ಷಣ ಅಚ್ಚು ಒತ್ತಿ. ಇನ್ನೊಂದರ ಮೇಲೆ ಹಾಗೆಯೇ ಒತ್ತಿ. ಇಸ್ತ್ರಿ ಮಾಡಿದ ಅರ್ಧದಲ್ಲಿ ಗೆರೆ ಚೂಪಾಗಿ ನಿಂತರೆ ರೋಗ ಸಿಕ್ಕಿತು, ಮದ್ದೂ ಸಿಕ್ಕಿತು. ಎರಡೂ ಒಂದೇ ಥರ ಹರಡಿದರೆ ಪ್ಯಾಡಿನ ಮೇಲೆ ಹಳೆ ಪೇಪರಿನ ತುಂಡೊಂದನ್ನು ಒತ್ತಿ ಹೆಚ್ಚಿನ ಇಂಕು ತೆಗೆದು ಮತ್ತೆ ನೋಡಿ.

ಕರೆಂಟಿಲ್ಲದ ದಿನ ಇಸ್ತ್ರಿಪೆಟ್ಟಿಗೆ ಎಲ್ಲಿಂದ ತರುವುದು? ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟದಲ್ಲಿ ಹಾಳೆಗಳನ್ನು ಬೆತ್ತದ ಬುಟ್ಟಿಯಲ್ಲಿಟ್ಟರೆ ಸಾಕು, ಒಂದು ರಾತ್ರಿಯಲ್ಲಿ ಗರಿಗರಿಯಾಗುತ್ತವೆ. ಹೊಗೆಯ ವಾಸನೆ ಹಿಡಿಯುತ್ತದೆ, ನನಗದು ಇಷ್ಟವೇ. ಇಲ್ಲವಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹುರಿದು ಆರಿಸಿದ ಅಕ್ಕಿಯ ಗಂಟು ಅಥವಾ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಅದರಲ್ಲಿ ಹಾಳೆಗಳನ್ನು ಕಾಪಾಡಿ. ಒತ್ತುವಾಗ ಒಂದೊಂದೇ ಹೊರಗೆ ತೆಗೆಯಿರಿ.

ಎಲ್ಲ ಕಾಗದವೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಕಾರ್ಖಾನೆಯಲ್ಲಿ ಕಾಗದಕ್ಕೆ ಗಂಜಿಯಂಥ ಪದಾರ್ಥ ಕೊಟ್ಟಿರುತ್ತಾರೆ, ಅದು ಇಂಕನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಹಾಳೆಯಲ್ಲಿ ಅದು ಸಾಕಷ್ಟಿದೆ. ಅಗ್ಗದ ನೋಟುಪುಸ್ತಕದಲ್ಲಿ ಕಡಿಮೆ. ಕೆಲವು ಕೈಕಾಗದಗಳಲ್ಲಿ ಇಲ್ಲವೇ ಇಲ್ಲ, ನೋಡಲು ಎಷ್ಟೇ ಚೆಂದವಿದ್ದರೂ ಇಂಕನ್ನು ಕುಡಿದುಬಿಡುತ್ತವೆ. ಶುಭಾಶಯ ಪತ್ರ ಮಾಡುವವರು 200 ಜಿಎಸ್‌ಎಂ ಮೀರಿದ ಡ್ರಾಯಿಂಗ್ ಕಾರ್ಡು ಹಿಡಿದರೆ ಮಳೆಯ ಕಾಟ ಕಡಿಮೆಯಾಗುತ್ತದೆ.

ಪಿಗ್ಮೆಂಟ್ ಇಂಕಿನ ಪ್ಯಾಡು ಸಿಕ್ಕಿದರೆ ಈ ರಗಳೆ ಬಹುಮಟ್ಟಿಗೆ ತಪ್ಪುತ್ತದೆ. ಅದರಲ್ಲಿ ಬಣ್ಣ ಕರಗಿರುವುದಿಲ್ಲ, ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಕಾಗದದ ಮೇಲ್ಮೈಯಲ್ಲೇ ಕೂರುತ್ತದೆ. ಆದರೆ ನಿಧಾನಕ್ಕೆ ಒಣಗುತ್ತದೆ, ಮಳೆಗಾಲದಲ್ಲಿ ಇನ್ನೂ ನಿಧಾನ, ಹೊಳಪಿನ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಒತ್ತಿದರೆ ಮರುದಿನವೂ ಬೆರಳಿಗೆ ಹತ್ತೀತು. ಅಂಚೆಯಲ್ಲಿ ಹೋಗುವ ಕಾರ್ಡಿಗೆ ಮಾತ್ರ ಕಾದರೂ ಇದನ್ನೇ ಬಳಸಿ. ನೇರಳೆ ಪ್ಯಾಡಿನ ಬಣ್ಣ ಒಂದು ಹನಿ ಮಳೆಗೆ ಮತ್ತೆ ಕರಗಿ ಲಕೋಟೆಯ ತುಂಬಾ ಹರಿಯುತ್ತದೆ.

ನಡುವೆ ಬಿಳಿ ತೇಪೆ

ಗಾಜಿನ ಪರೀಕ್ಷೆಯಲ್ಲಿ ಸೀಲಿನ ಮುಖವೇ ಸಮವಾಗಿಲ್ಲ ಎಂದು ಕಂಡರೆ ಕಾರಣ ಹೆಚ್ಚಾಗಿ ಕೆತ್ತುವುದಕ್ಕೂ ಮೊದಲಿನದು. ಅಂಗಡಿಯ ರಬ್ಬರಿನ ಮೇಲೆ ಕಂಪೆನಿಯ ಹೆಸರು ತಗ್ಗಿಸಿ ಅಥವಾ ಉಬ್ಬಿಸಿ ಮೂಡಿಸಿರುತ್ತಾರೆ. ಅದರ ಮೇಲೆಯೇ ಚಿತ್ರ ಕೆತ್ತಿದರೆ ಏಲಕ್ಕಿ ಗಿಡದ ನಡುವೆ ಇಂಗ್ಲಿಷ್ ಅಕ್ಷರದ ನೆರಳು ಬೀಳುತ್ತದೆ. ಅಂಚುಗಳೂ ದುಂಡಗಾಗಿರುವುದರಿಂದ ಚಿತ್ರವನ್ನು ಅಂಚಿನವರೆಗೂ ಎಳೆದವರಿಗೆ ಸುತ್ತಲಿನ ಗೆರೆ ಮೂಡುವುದೇ ಇಲ್ಲ.

ಹೊಸ ರಬ್ಬರಿಗೆ ಮದ್ದು ಸುಲಭ. 400 ನಂಬರಿನ ನೀರುಕಾಗದವನ್ನು (ನೀರು ಹಾಕಿ ಉಜ್ಜುವ ಮರಳುಕಾಗದ) ಅದೇ ಗಾಜಿನ ಮೇಲೆ ಹಾಸಿ, ಸ್ವಲ್ಪ ನೀರು ಚಿಮುಕಿಸಿ, ರಬ್ಬರನ್ನು ಚಕ್ರಾಕಾರದಲ್ಲಿ ಉಜ್ಜಿ. ಮುಖದ ತುಂಬ ಪೆನ್ಸಿಲ್ ಬಳಿದುಕೊಂಡು ಉಜ್ಜಿದರೆ ತಗ್ಗು ಇರುವ ಕಡೆ ಕಪ್ಪು ಉಳಿದು ತಾನೇ ಹೇಳುತ್ತದೆ. ಈಗಾಗಲೇ ಕೆತ್ತಿಯಾಗಿದೆ ಎನ್ನುವವರೂ ಹೀಗೆ ಉಜ್ಜಬಹುದು, ಆದರೆ ನಾಲ್ಕಾರು ಸುತ್ತು ಮಾತ್ರ. ಉಬ್ಬುಗೆರೆಯ ಬುಡ ತುದಿಗಿಂತ ಅಗಲವಿರುತ್ತದೆ, ಉಜ್ಜಿದಷ್ಟೂ ಗೆರೆ ದಪ್ಪವಾಗುತ್ತಾ ಹೋಗುತ್ತದೆ. ತೆಳುವಾಗಿ ಗೀರಿದ ನರಗಳು ಮಾಯವೇ ಆಗುತ್ತವೆ.

ಹಿಡಿಗೆ ಅಂಟಿಸಿದ ಮೇಲೆ ತೇಪೆ ಶುರುವಾಯಿತೇ? ಹಿಡಿಯನ್ನು ನೋಡಿ. ನಮ್ಮಲ್ಲಿ ಎಲ್ಲರ ತೋಟದಲ್ಲೂ ಸಿಲ್ವರ್ ಓಕ್ ತುಂಡು ಸಿಗುತ್ತದೆ, ಹಗುರವಾಗಿ ಕೈಗೆ ಹಿತವಾಗಿಯೂ ಇರುತ್ತದೆ. ಚೆನ್ನಾಗಿ ಒಣಗದ ತುಂಡಾದರೆ ಮಾತ್ರ ಸೆಟೆದುಕೊಳ್ಳುತ್ತದೆ, ಜೊತೆಗೆ ಮೇಲಿನ ರಬ್ಬರನ್ನೂ ಬಗ್ಗಿಸುತ್ತದೆ. ಗಾಜಿನ ಮೇಲಿಟ್ಟು ಎರಡು ಮೂಲೆ ಒತ್ತಿದಾಗ ತೊಟ್ಟಿಲಾಡಿದರೆ ಹಿಡಿಯೇ ಅಪರಾಧಿ, ಕಿತ್ತು ಬೇರೆ ಹಾಕಿ. ಬಿಳಿ ಮರದಂಟು ವಿನೈಲ್ ರಬ್ಬರಿಗೆ ಸರಿಯಾಗಿ ಹಿಡಿಯುವುದಿಲ್ಲ. ಸೂಪರ್ ಗ್ಲೂ ಹನಿ ಬಿದ್ದ ಕಡೆ ಗಟ್ಟಿ ಗಂಟಾಗಿ ಮುಖವನ್ನು ಉಬ್ಬಿಸುತ್ತದೆ. ಎರಡೂ ಬದಿ ಅಂಟಿರುವ ಫೋಮ್ ಟೇಪು ವಾಸಿ. ಸಣ್ಣಪುಟ್ಟ ಏರುತಗ್ಗನ್ನು ಅದೇ ನುಂಗಿಕೊಳ್ಳುತ್ತದೆ.

ಸೀಲೂ ಸಮ, ಹಿಡಿಯೂ ಸಮ, ಆದರೂ ತೇಪೆ ಎಂದರೆ ಕಾಗದದ ಕೆಳಗೆ ಏನಿದೆ ಎಂದು ನೋಡಿ. ಇಲ್ಲಿ ಒಂದು ಲೆಕ್ಕ ನೆನಪಿಟ್ಟರೆ ಸಾಕು: ಮೆತ್ತನೆಯ ಸೀಲಿಗೆ ಗಟ್ಟಿ ನೆಲೆ, ಗಟ್ಟಿ ಸೀಲಿಗೆ ಮೆತ್ತನೆಯ ನೆಲೆ. ಲಿನೋಲಿಯಂ ಎಂದರೆ ಅಗಸೆ ಎಣ್ಣೆ, ಬೆಂಡುಮರದ ಪುಡಿ ಇವುಗಳನ್ನು ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಗಟ್ಟಿ ಹಲಗೆ, ಅದು ಬಗ್ಗುವುದಿಲ್ಲ. ಅದರ ಕೆಳಗೆ ಕಾಗದ, ಕಾಗದದ ಕೆಳಗೆ ನಾಲ್ಕು ಮಡಿಕೆ ಪೇಪರು ಬೇಕು. ಪೆನ್ಸಿಲ್ ರಬ್ಬರು ತಾನೇ ಬಗ್ಗುವುದರಿಂದ ಅದಕ್ಕೆ ಬರಿಯ ಮೇಜೇ ಸರಿ.

ಅಂಗೈಗಿಂತ ದೊಡ್ಡ ಸೀಲನ್ನು ಕೈಯಿಂದ ಒತ್ತಿ ನಡುವೆ ಮೂಡಿಸುತ್ತೇನೆ ಎನ್ನುವುದು ವ್ಯರ್ಥ ಹಟ. ಸೀಲನ್ನೇ ಮುಖ ಮೇಲಾಗಿ ಮೇಜಿನ ಮೇಲಿಡಿ, ಇಂಕು ತಟ್ಟಿ, ಕಾಗದ ಹೊದಿಸಿ, ಸ್ಟೀಲ್ ಚಮಚದ ಬೆನ್ನಿನಿಂದ ಸುತ್ತಿಸುತ್ತಾ ಉಜ್ಜಿ. ಒಂದು ಮೂಲೆ ಎತ್ತಿ ನೋಡಬಹುದು, ಸಾಲದಿದ್ದರೆ ಮತ್ತೆ ಉಜ್ಜಬಹುದು.

ಇಂಕು ಹನಿಹನಿಯಾಗಿ ನಿಲ್ಲುತ್ತದೆ

ಹೊಸ ರಬ್ಬರಿನ ಮೇಲ್ಮೈಯಲ್ಲಿ ಪುಡಿಯೋ ಎಣ್ಣೆಯಂಥ ಜಿಡ್ಡೋ ಇರುತ್ತದೆ. ಸಾಬೂನು ನೀರಿನಲ್ಲಿ ತೊಳೆದು ಒರೆಸಿದರೆ ಅರ್ಧ ಗುಣ. ಉಳಿದದ್ದಕ್ಕೆ 600 ನಂಬರಿನ ಕಾಗದವನ್ನು ಒಂದೆರಡು ಸಲ ಮೆಲ್ಲಗೆ ಆಡಿಸಿ, ಇಂಕು ಕಚ್ಚಿಕೊಳ್ಳಲು ಅಷ್ಟು ಒರಟು ಬೇಕು.

ತೊಳೆದ ಮೇಲೂ ಹನಿಗಟ್ಟಿದರೆ ಎಣ್ಣೆ ಎಲ್ಲಿಂದ ಬಂತು ಎಂದು ಹುಡುಕಿ. ಮಳೆಗಾಲದಲ್ಲಿ ಬ್ಲೇಡಿಗೆ ತುಕ್ಕು ಹಿಡಿಯದಿರಲಿ ಎಂದು ತೆಂಗಿನೆಣ್ಣೆ ಸವರಿಡುತ್ತೇವಲ್ಲ, ಕೆತ್ತುವ ಮೊದಲು ಅದನ್ನು ಒರೆಸದಿದ್ದರೆ ಎಣ್ಣೆ ನೇರ ರಬ್ಬರಿಗೇ ಇಳಿಯುತ್ತದೆ. ಇಂಕು ತೆಗೆಯಲು ಎಣ್ಣೆ ಹಾಕಿ ಒರೆಸುವವರೂ ಇದ್ದಾರೆ. ಅದು ಬೇಡ. ಸೀಮೆಎಣ್ಣೆ, ಪೆಟ್ರೋಲು ಮೊದಲೇ ಬೇಡ: ನೈಸರ್ಗಿಕ ರಬ್ಬರು ಅವುಗಳಲ್ಲಿ ಊದಿಕೊಂಡು ಗೆರೆಗಳೆಲ್ಲ ಬಾತುಹೋಗುತ್ತವೆ. ವಿನೈಲ್ ರಬ್ಬರಿಗೆ ಉಗುರು ಬಣ್ಣ ತೆಗೆಯುವ ದ್ರವ ತಾಗಿದರೆ ಮೇಲ್ಮೈ ಮೆತ್ತಗಾಗಿ ಅಂಟಂಟಾಗುತ್ತದೆ. ಒದ್ದೆ ಬಟ್ಟೆ, ಸ್ವಲ್ಪ ಸಾಬೂನು, ಅಷ್ಟೇ. ಸೀಲಿನ ಮೇಲೆ ನೇರಳೆ ಕಲೆ ಉಳಿದರೆ ಉಳಿಯಲಿ, ಕಲೆ ಇಂಕನ್ನು ತಡೆಯುವುದಿಲ್ಲ.

ಕೆತ್ತಿ ತೆಗೆದ ಜಾಗವೂ ಮೂಡುತ್ತಿದೆ

ಚಿತ್ರದ ಸುತ್ತ ಬ್ಲೇಡು ಓಡಿದ ಗೀರುಗಳು ಮೂಡುವುದನ್ನು ಕೆಲವರು ಕೈಕೆಲಸದ ಸೊಗಸು ಎನ್ನುತ್ತಾರೆ. ನಾನೂ ಒಪ್ಪುತ್ತೇನೆ, ಬೇಕೆಂದು ಬಿಟ್ಟಿದ್ದರೆ. ಬೇಡದಿದ್ದರೆ ಮೊದಲು ಇಂಕು ಹಚ್ಚುವ ಕ್ರಮ ಬದಲಿಸಿ. ಸೀಲನ್ನು ಪ್ಯಾಡಿಗೆ ಅದುಮುವ ಬದಲು, ಸೀಲನ್ನು ಮುಖ ಮೇಲಾಗಿ ಹಿಡಿದು ಪ್ಯಾಡನ್ನೇ ಅದರ ಮೇಲೆ ತಟ್ಟಿ. ಫೋಮ್ ಉಬ್ಬಿರುವ ಪ್ಯಾಡಾದರೆ ಇದು ಸಲೀಸು. ತಗಡಿನ ಡಬ್ಬಿಯೊಳಗೆ ತಗ್ಗಿನಲ್ಲಿರುವ ಫೆಲ್ಟ್ ಪ್ಯಾಡಿಗೆ ಆಗದು, ಅಲ್ಲಿ ಮೇಕಪ್ ಸ್ಪಂಜಿನ ತುಂಡಿಗೆ ಇಂಕು ತೆಗೆದುಕೊಂಡು ತಟ್ಟಬಹುದು. ಆಮೇಲೆ ಒತ್ತುವ ಭಾರ ಇಳಿಸಿ, ಕಾಗದದ ಕೆಳಗೆ ಮೆತ್ತನೆಯದು ಏನಾದರೂ ಇದ್ದರೆ ತೆಗೆಯಿರಿ. ಮೆತ್ತನೆಯ ನೆಲೆ ಕಾಗದವನ್ನು ತಗ್ಗಿನೊಳಕ್ಕೆ ನೂಕುತ್ತದೆ.

ಇಷ್ಟಾದರೂ ನಿಲ್ಲದಿದ್ದಾಗ ಬ್ಲೇಡಿಗೆ ಕರೆ ಕಳಿಸಿ. ಗೆರೆಗಳ ನಡುವೆ 1.5ರಿಂದ 2 ಮಿಲಿಮೀಟರ್ ಆಳ ಸಾಕು. ಚಿತ್ರದ ಹೊರಗಿನ ಬಯಲಿಗೆ 3 ಮಿಲಿಮೀಟರ್ ಬೇಕಾದೀತು. ಬಯಲು ಅಗಲವಾದಷ್ಟೂ ಕಾಗದ ಒಳಗೆ ಬಗ್ಗುವುದು ಹೆಚ್ಚು, ಆದ್ದರಿಂದ ಆಳವೂ ಹೆಚ್ಚಬೇಕು. ಚಿತ್ರಕ್ಕೆ ಸಂಬಂಧವಿಲ್ಲದ ಮೂಲೆಗಳನ್ನು ಕತ್ತರಿಸಿ ಎಸೆದುಬಿಡುವುದು ಎಲ್ಲಕ್ಕಿಂತ ಜಾಣತನ.

ಅಕ್ಷರ ಉಲ್ಟಾ

ಸೀಲಿನ ಮೇಲೆ ಅಕ್ಷರ ನೇರವಾಗಿ ಓದಿದರೆ ಕಾಗದದ ಮೇಲೆ ತಿರುಗಿರುತ್ತದೆ, ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಡವುವುದು ಎರಡು ಸಲ ತಿರುಗಿಸಿದಾಗ. ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಿಂದ ಬರೆದು, ಅದನ್ನು ರಬ್ಬರಿನ ಮೇಲೆ ಮಗುಚಿ ಉಜ್ಜಿದರೆ ಅಕ್ಷರ ತಾನಾಗಿ ತಿರುಗುತ್ತದೆ. ಬರೆಯುವಾಗಲೇ ಉಲ್ಟಾ ಬರೆದುಕೊಂಡವರಿಗೆ ಮಗುಚಿದ ಮೇಲೆ ನೇರವಾಗಿ ಕೂರುತ್ತದೆ, ಅಚ್ಚು ಕೆಡುತ್ತದೆ. ಕೆತ್ತುವ ಮುನ್ನ ರಬ್ಬರನ್ನು ಕನ್ನಡಿಗೆ ಹಿಡಿಯಿರಿ. ಕನ್ನಡಿಯಲ್ಲಿ ಸರಿಯಾಗಿ ಓದಲು ಬಂದರೆ ಮುಂದುವರಿಯಿರಿ.

ಒಂದೊಂದೇ ಅಕ್ಷರ ನೋಡಿ ತೀರ್ಮಾನಿಸಬೇಡಿ. ಗ, ಠ ಇಂಥವು ತಲೆಕಟ್ಟು ಬಿಟ್ಟರೆ ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಥರ, ಅವು ಮೋಸ ಮಾಡುತ್ತವೆ. ಡ, ಳ, ಕೊಂಬು, ದೀರ್ಘ ಇವುಗಳನ್ನು ನೋಡಿದರೆ ಸತ್ಯ ತಿಳಿಯುತ್ತದೆ. ಕೊಡಗು ಎಂದು ಕೆತ್ತಿದವರು ನಡುವಿನ ಡ ಮತ್ತು ಕೊನೆಯ ಕೊಂಬನ್ನು ನೋಡಲಿ. ಒತ್ತಕ್ಷರ ಇರುವ ಪದವನ್ನು ಪುಟ್ಟ ರಬ್ಬರಿನಲ್ಲಿ ಕೆತ್ತಲು ಹೋಗದಿರುವುದೇ ಕ್ಷೇಮ. ಒತ್ತಿನ ಒಳಗಿನ ಬಿಳಿ ಜಾಗ ಇಂಕು ತುಂಬಿ ಮುಚ್ಚಿಹೋಗುತ್ತದೆ.

ಚಿತ್ರಕ್ಕೂ ಈ ಮಾತು ಅನ್ವಯ. ಕಾಫಿ ಎಲೆ, ಕಿತ್ತಳೆ, ಕರಿಮೆಣಸಿನ ಗೊನೆ ತಿರುಗಿದರೂ ಯಾರೂ ಕೇಳುವುದಿಲ್ಲ. ಕುಪ್ಯ (ಕೊಡವರ ನಿಲುವಂಗಿ) ತೊಟ್ಟು ಕೋವಿ ಹಿಡಿದವನು ತಿರುಗಿದರೆ ಕೋವಿ ಎಡಗೈಗೆ ಹೋಗುತ್ತದೆ, ಮನೆಯ ಹಿರಿಯರು ಮೊದಲ ನೋಟದಲ್ಲೇ ಹೇಳಿಬಿಡುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಅಂಚೆ ಕಚೇರಿಯ ಸುತ್ತುಮುದ್ರೆ, ಸರ್ಕಾರಿ ಲಾಂಛನ ಕೆತ್ತುವ ಹುಚ್ಚು ಹತ್ತುತ್ತದೆ. ಬೇಡ ಎಂದು ಖಂಡಿತವಾಗಿ ಹೇಳಿ, ಅದು ಆಟದ ಗಡಿ ದಾಟುವ ವಿಷಯ.

ಗೆರೆ ಮುರಿಯುತ್ತದೆ, ಅಂಚು ಹರಿಯುತ್ತದೆ

ಇದು ನಿಜವಾಗಿ ಕೆತ್ತನೆಯ ದೋಷ. ಕೊಡಗಿನವರಿಗೆ ವಿವರಿಸುವುದು ಸುಲಭ: ಮನೆ ಹಿಂದಿನ ಬರೆಯನ್ನು (ಗುಡ್ಡದ ಮಣ್ಣಿನ ಗೋಡೆ) ನೆಟ್ಟಗೆ ಕಡಿದರೆ ಮಳೆಗೆ ಕುಸಿಯುತ್ತದೆ, ಬುಡ ಕೊರೆದರಂತೂ ಅಂದೇ ಬೀಳುತ್ತದೆ, ಇಳಿಜಾರಾಗಿ ಕಡಿದರೆ ನಿಲ್ಲುತ್ತದೆ. ಉಬ್ಬುಗೆರೆಯೂ ಹಾಗೆಯೇ. ಬ್ಲೇಡನ್ನು ಗೆರೆಯಿಂದ ಆಚೆಗೆ ಓರೆ ಮಾಡಿ ಹಿಡಿದು, ಬುಡ ಅಗಲವಾಗಿ ಉಳಿಯುವಂತೆ ಕೊಯ್ಯಬೇಕು. ಬೆರಳ ತುದಿಯಿಂದ ಗೆರೆಯನ್ನು ಪಕ್ಕಕ್ಕೆ ತಳ್ಳಿ ನೋಡಿ. ಓಲಾಡಿದರೆ ಬುಡ ಕೊರೆದಿದೆ. ಅಂಥ ಗೆರೆ ಒಂದು ಅಚ್ಚಿನಲ್ಲಿ ತೆಳು, ಇನ್ನೊಂದರಲ್ಲಿ ದಪ್ಪ, ಮತ್ತೊಂದರಲ್ಲಿ ಎರಡೆರಡಾಗಿ ಮೂಡುತ್ತದೆ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಸಮಯಕ್ಕೆ ತೋಕ್ ಪೂ (ಕೋವಿಗೆ ಮುಡಿಸುವ ಹೂ) ಕೆತ್ತಲು ಹೊರಟವರಿಗೆ ಇದು ಹೆಚ್ಚಾಗಿ ಎದುರಾಗುತ್ತದೆ. ಅಲೆಅಲೆಯಾದ ಎಸಳು, ಹೊರಗೆ ಚಾಚಿದ ಸಣ್ಣ ಕೇಸರಗಳು. ಕೇಸರವನ್ನು ಉಬ್ಬುಗೆರೆಯಾಗಿ ಉಳಿಸಲು ಹೋದರೆ ಮುರಿಯದೆ ಇರದು. ಎಸಳನ್ನು ಪೂರ್ತಿ ಉಬ್ಬಾಗಿ ಬಿಟ್ಟು, ನರಗಳನ್ನು ವಿ ಆಕಾರದ ಚಾಣದಿಂದ ಬಿಳಿಗೆರೆಯಾಗಿ ತೆಗೆಯಿರಿ. ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆ ಕತ್ತಿಯ ಒರೆಯ ಬೆಳ್ಳಿ ಕೆಲಸಕ್ಕೂ ಇದೇ ದಾರಿ. ಕಪ್ಪಿನಲ್ಲಿ ಬಿಳಿ ಕೆತ್ತುವುದು ಯಾವಾಗಲೂ ಬಿಳಿಯಲ್ಲಿ ಕಪ್ಪು ಉಳಿಸುವುದಕ್ಕಿಂತ ಗಟ್ಟಿ.

ಅಂಚು ಸೀಳುಸೀಳಾಗಿ ಹರಿದರೆ ಬ್ಲೇಡು ಮೊಂಡಾಗಿದೆ ಅಥವಾ ತುಕ್ಕು ಹಿಡಿದಿದೆ. ಪೇಪರಿನ ಅಂಚನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ, ಸಿಕ್ಕಿಕೊಂಡರೆ ಕಟರಿನ ತುದಿಯ ಒಂದು ಖಂಡ ಮುರಿದು ಹೊಸದು ಮಾಡಿಕೊಳ್ಳಿ. ತಿರುವಿನಲ್ಲಿ ಬ್ಲೇಡನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ.

ಬ್ಲೇಡು ಹೊಸದಾಗಿಯೂ ಪುಡಿಪುಡಿ ಉದುರಿದರೆ ರಬ್ಬರೇ ಹಳತು. ಮೂಲೆಯೊಂದನ್ನು ಬಗ್ಗಿಸಿ, ಬಿರುಕು ಬಿಟ್ಟರೆ ಅದನ್ನು ಕೆತ್ತುವುದು ದಂಡ. ಅರ್ಧ ಕೆಂಪು ಅರ್ಧ ನೀಲಿ ರಬ್ಬರಿನ ನೀಲಿ ಭಾಗವನ್ನಂತೂ ಮುಟ್ಟಬೇಡಿ. ಶಾಯಿ ಕೆರೆದು ತೆಗೆಯಲೆಂದು ಅದರಲ್ಲಿ ಉಜ್ಜುಕಲ್ಲಿನ ಪುಡಿ ಬೆರೆಸಿರುತ್ತಾರೆ, ಬ್ಲೇಡು ಕ್ಷಣದಲ್ಲಿ ಮೊಂಡು. ಸಂಪಾಜೆ, ಕರಿಕೆ ಕಡೆಯ ತೋಟದ ರಬ್ಬರ್ ಶೀಟು ತಂದು ಕೆತ್ತಬಹುದೇ ಎಂದು ಕೇಳುವವರಿದ್ದಾರೆ. ಅದು ಗಂಧಕ ಸೇರಿಸಿ ಬೇಯಿಸದ ಹಸಿ ರಬ್ಬರು, ಬ್ಲೇಡಿಗೆ ಎಳೆದುಕೊಂಡು ಬರುತ್ತದೆಯೇ ಹೊರತು ಕೊಯ್ಯುವುದಿಲ್ಲ. ಇನ್ನು ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಹೊತ್ತಿನ ಬೆಳಗಿನ ಚಳಿಯಲ್ಲಿ ವಿನೈಲೂ ಲಿನೋಲಿಯಮ್ಮೂ ಬಿರುಸಾಗುತ್ತವೆ. ಸ್ವಲ್ಪ ಹೊತ್ತು ಬಿಸಿಲಿಗೆ ಅಥವಾ ಬಿಸಿನೀರಿನ ಚೀಲದ ಮೇಲಿಟ್ಟು ಕೆತ್ತಿ.

ಮುರಿದೇಹೋದ ಗೆರೆಯನ್ನು ಕೈಬಿಡಬೇಕಿಲ್ಲ. ಆ ಜಾಗವನ್ನು ಚೌಕವಾಗಿ ಆಳಕ್ಕೆ ಕೊಯ್ದು ತೆಗೆದು, ಅದೇ ಅಳತೆಯ ಹೊಸ ತುಂಡನ್ನು ಬಿಗಿಯಾಗಿ ಕೂರಿಸಿ, ಮುಖ ಸಮ ಮಾಡಿ, ಮತ್ತೆ ಕೆತ್ತಬಹುದು. ಮರದಚ್ಚಿನವರು ಹಿಂದಿನಿಂದಲೂ ಮಾಡುವ ರಿಪೇರಿ ಇದು. ತಾಳ್ಮೆ ಇದ್ದವರಿಗೆ ಮಾತ್ರ.

ಸೀಲು ಡಬ್ಬಿಗೆ ಅಂಟಿಕೊಂಡಿದೆ

ಜಾಮಿಟ್ರಿ ಪೆಟ್ಟಿಗೆಯಲ್ಲಿ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿ ಕರಗಿದ್ದನ್ನು ನೋಡದವರಿಲ್ಲ. ವಿನೈಲನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಬಂದು ಪಕ್ಕದ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಹೊಸ ರಬ್ಬರಿಗೆ ಕಾಗದದ ಕವಚ ಹಾಕಿರುವುದು ಇದನ್ನು ತಡೆಯಲೂ ಹೌದು. ಸೀಲುಗಳನ್ನು ಕಾಗದದಲ್ಲಿ ಸುತ್ತಿ ತಗಡಿನ ಅಥವಾ ರಟ್ಟಿನ ಡಬ್ಬಿಯಲ್ಲಿಡಿ, ಒಂದಕ್ಕೊಂದು ತಾಗದಂತೆ. ಅಂಟಿಹೋದದ್ದನ್ನು ಎಳೆದು ಕೀಳಬೇಡಿ, ಬ್ಲೇಡನ್ನು ನಡುವೆ ತೂರಿಸಿ ಬಿಡಿಸಿ, ಮುಖಕ್ಕೆ ಪೆಟ್ಟಾಗಿದ್ದರೆ ಉಜ್ಜಿ.

ಬಟ್ಟೆಯ ಮೇಲೆ ಮೂಡುತ್ತಿಲ್ಲ

ಕಾಫಿಪುಡಿ ಉಡುಗೊರೆ ಕೊಡಲು ಹತ್ತಿ ಚೀಲಕ್ಕೆ ಅಚ್ಚು ಹಾಕುವವರು ಚೀಲವನ್ನು ಮೊದಲು ಒಗೆಯಲಿ, ಹೊಸ ಬಟ್ಟೆಯ ಗಂಜಿ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಪ್ಯಾಡಿನ ಇಂಕು ಒಂದು ಒಗೆತಕ್ಕೆ ಹೋಗುತ್ತದೆ. ಬಟ್ಟೆಯ ಬಣ್ಣವನ್ನೇ ಸ್ಪಂಜಿನಿಂದ ತಟ್ಟಿ, ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ. ಸೆಣಬಿನ ಚೀಲದ ನೆಯ್ಗೆ ಒರಟು, 3 ಮಿಲಿಮೀಟರಿಗಿಂತ ತೆಳುವಾದ ಗೆರೆ ಅದರಲ್ಲಿ ಕಳೆದುಹೋಗುತ್ತದೆ.

ಚಿಕ್ಕವರ ಕೈಯಲ್ಲಿ

ಅಂಗೈಯಲ್ಲಿ ರಬ್ಬರು ಹಿಡಿದು ಕೆತ್ತುವುದನ್ನು ಮೊದಲ ದಿನವೇ ನಿಲ್ಲಿಸಿ. ಹಲಗೆಯ ತುಂಡೊಂದರ ಕೆಳಗೆ ಒಂದು ಪಟ್ಟಿ, ಮೇಲೆ ಎದುರು ಅಂಚಿಗೆ ಇನ್ನೊಂದು ಪಟ್ಟಿ ಹೊಡೆಯಿರಿ. ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ರಬ್ಬರು ಮೇಲಿನದಕ್ಕೆ ಒರಗಿ ನಿಲ್ಲುತ್ತದೆ. ರಬ್ಬರು ಹಿಡಿದ ಕೈ ಎಂದಿಗೂ ಬ್ಲೇಡಿನ ಹಿಂದೆಯೇ ಇರಬೇಕು, ಮುಂದೆ ಬರಕೂಡದು.

ಬ್ಲೇಡು ಕೊಡುವ ವಯಸ್ಸಾಗದವರಿಗೆ ಫೋಮ್ ಶೀಟಿನ ಮೇಲೆ ಬಾಲ್‌ಪೆನ್ನಿನಿಂದ ಗಟ್ಟಿಯಾಗಿ ಬರೆಸಿ, ಬರೆದ ಗೆರೆ ಬಿಳಿಯಾಗಿ ಮೂಡುತ್ತದೆ. ಹಳೆ ಹವಾಯಿ ಚಪ್ಪಲಿಯ ಅಟ್ಟೆಯೂ ಆಗುತ್ತದೆ, ಆದರೆ ಅದರೊಳಗಿನ ಗಾಳಿಗುಳ್ಳೆಗಳಿಂದ ಅಚ್ಚಿನಲ್ಲಿ ಚುಕ್ಕೆ ಬೀಳುವುದು ಸಹಜ, ಅದನ್ನು ದೋಷವೆಂದು ಹುಡುಕುತ್ತಾ ಕೂರಬೇಡಿ.

ಬೆಂಡೆಕಾಯಿ ಅಚ್ಚು ಕಲಸಿಹೋದರೆ ಕಾರಣ ಲೋಳೆ. ಅಡ್ಡ ಕೊಯ್ದು, ಬಟ್ಟೆಯ ಮೇಲೆ ಮುಖ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಬಣ್ಣಕ್ಕೆ ಮುಟ್ಟಿಸಿ. ಬಾಳೆ ಎಲೆಯ ದಿಂಡನ್ನು ಅಡ್ಡ ಕೊಯ್ದರೆ ಒಳಗಿನ ಗೂಡುಗೂಡಾದ ರಚನೆ ಕೆತ್ತದೆಯೇ ಜಾಲರಿಯ ಹಾಗೆ ಬರುತ್ತದೆ, ನೀರು ಒಸರುವುದು ನಿಂತ ಮೇಲೆ ಬಳಸಿ, ಹಾಗೆಯೇ ಮಗುವಿಗೆ ಹಳೆ ಅಂಗಿ ಹಾಕಿಸಿ: ಬಾಳೆಯ ಸೊನೆ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಕೆಸುವಿನ ದಂಟು ಬೇಡ, ಕೈ ತುರಿಸುತ್ತದೆ.